ಕುವಾನ್ ಮತ್ತು ಇತರ ಏಳು ಮಂದಿ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಪೈಪಿನೊಳಗೆ ಒಬ್ಬ ಸತ್ತ. ಹನ್ನೊಂದಕ್ಕೆ ನನ್ನ ಟೇಬಲಿನ ಫೋನು ಬಡಿಯಿತು. ಈ ಗಂಟೆಗಳನ್ನು ಆಮೇಲೆ ನಾನು ಪೊಲೀಸರಿಗೆ ಕೊಟ್ಟ ಹೇಳಿಕೆಯ ನಕಲಿನಿಂದ ಎತ್ತಿಕೊಂಡಿದ್ದೇನೆ, ತಲೆಯಲ್ಲಿ ಅವು ಉಳಿದಿಲ್ಲ. ತಲೆಯಲ್ಲಿ ಉಳಿದದ್ದು ಸೈಟಿನಿಂದ ಮಾತಾಡಿದ ಸೇಫ್ಟಿ ಆಫೀಸರು ಹಿಂದಿಯಲ್ಲಿ ಕೇಳಿದ ಮೊದಲ ಪ್ರಶ್ನೆ: “ಇವತ್ತಿನ ಶೀಟು ಫೈಲಿನಲ್ಲಿ ಇದೆ ತಾನೆ?”

ಇತ್ತು. ನಾಳೆಯದೂ ಇತ್ತು. ನಾಡಿದ್ದಿನದೂ ಇತ್ತು.

ಶೀಟು ಎಂದರೇನು ಎಂದು ಹೇಳಬೇಕು. ಕತಾರಿನ ಉತ್ತರದ ಕಡಲ ದಂಡೆಯಲ್ಲಿ ಏಳುತ್ತಿದ್ದ ಅನಿಲ ಕಾರ್ಖಾನೆಗೆ ಪೈಪು ಜೋಡಿಸುವ ಗುತ್ತಿಗೆ ನಮ್ಮ ಕಂಪೆನಿಯದು. ತೊಂಬತ್ತರ ದಶಕದ ನಡುವಿನ ವರ್ಷಗಳು. ಕೆಲಸ ಅಲ್ಲಿ, ಕಾಗದ ದೋಹಾದಲ್ಲಿ, ನಡುವೆ ವ್ಯಾನಿನಲ್ಲಿ ಒಂದು ಗಂಟೆಗೂ ಮೀರಿದ ದಾರಿ. ದಿನಾ ಬೆಳಿಗ್ಗೆ ಆರು ಗಂಟೆಗೆ, ಕೆಲಸ ಶುರುವಾಗುವ ಮುಂಚೆ, ಪ್ರತಿ ತಂಡಕ್ಕೂ ಹತ್ತು ನಿಮಿಷ ಅಂದಿನ ಅಪಾಯಗಳನ್ನು ತಿಳಿಸಿ ಹೇಳಬೇಕು, ಹೇಳಿದ್ದಕ್ಕೆ ಸಹಿ ಮಾಡಿದ ಹಾಳೆ ಇರಬೇಕು ಎಂಬುದು ಕೆಲಸ ಕೊಟ್ಟವರ ಷರತ್ತು. ಆ ಹಾಳೆಯೇ ಶೀಟು. ಶನಿವಾರ ಬೆಳಿಗ್ಗೆ ನಾನು ಇಡೀ ವಾರದ ಆರು ಶೀಟುಗಳನ್ನು, ಶನಿವಾರದಿಂದ ಗುರುವಾರದವರೆಗೆ, ಒಟ್ಟಿಗೇ ಪ್ರಿಂಟು ತೆಗೆಯುತ್ತಿದ್ದೆ. ಹಳೇ ವಾರದ ಪುಟವನ್ನು ತೆರೆಯುವುದು, ತಾರೀಖು ಬದಲಿಸುವುದು, ಅಷ್ಟೆ. ವ್ಯಾನು ಅವನ್ನು ಸೈಟಿಗೆ ಒಯ್ಯುತ್ತಿತ್ತು. ಚಹಾದ ಹೊತ್ತಿಗೆ ತಂಡದ ಪರವಾಗಿ ಒಬ್ಬ ಆರಕ್ಕೂ ಸಹಿ ಹಾಕುತ್ತಿದ್ದ. ಸಂಜೆಗೆ ಅವು ವಾಪಸು ಬಂದು ಫೈಲು ಸೇರುತ್ತಿದ್ದವು. ಇದನ್ನು ಮೋಸ ಎಂದು ನಾವು ಯಾರೂ ಅಂದುಕೊಂಡಿರಲಿಲ್ಲ. ವಾರದ ಕಾಗದವನ್ನು ವಾರದ ಮೊದಲೇ ಮುಗಿಸಿಬಿಡುವುದು ನಮ್ಮಲ್ಲಿ ಒಳ್ಳೆಯ ಟೈಪಿಸ್ಟಿನ ಲಕ್ಷಣವಾಗಿತ್ತು.

ಆ ಶೀಟಿನ ಕೊನೆಗೆ ಒಂದು ವಾಕ್ಯ. “ಕುವಾನ್ ಹ್ಯಾಸ್ ಎಕ್ಸ್‌ಪ್ಲೇನ್ಡ್ ದ ಹಜಾರ್ಡ್ಸ್ ಟು ಹಿಸ್ ಗ್ಯಾಂಗ್ ಇನ್ ದೇರ್ ಓನ್ ಲ್ಯಾಂಗ್ವೇಜ್.” ಕುವಾನ್ ತನ್ನ ತಂಡಕ್ಕೆ ಅಪಾಯಗಳನ್ನು ಅವರದೇ ಭಾಷೆಯಲ್ಲಿ ವಿವರಿಸಿದ್ದಾನೆ. ವಾಕ್ಯ ನನ್ನದು. ಅದರೊಳಗೆ ಆ ಹೆಸರನ್ನು ಇಟ್ಟವನೂ ನಾನೇ.

ನಮ್ಮಲ್ಲಿ ನಲವತ್ತು ಮಂದಿ ಚೀನೀ ಬೆಸುಗೆಯವರಿದ್ದರು. ಪಟ್ಟಿಯಲ್ಲಿ ಒಬ್ಬನಿಗೆ ಒಂದೇ ಪದ ಎಂಬುದು ಆಫೀಸಿನ ನಿಯಮ. ನಮ್ಮ ಕಡೆಯವರಾದರೆ ಹಮೀದ್, ಲಾರೆನ್ಸ್, ಶೇಖರ್, ತೊಂದರೆಯಿಲ್ಲ. ಚೀನೀಯರ ಪಾಸ್‌ಪೋರ್ಟಿನಲ್ಲಿ ಮೊದಲಿಗೆ ಇರುವ ಪದವನ್ನು ತೆಗೆದುಕೊಂಡರೆ ಆರು ವಾಂಗ್, ಐದು ಲೀ, ನಾಲ್ಕು ಝಾಂಗ್ ಆದರು. ಅದಕ್ಕೆ ವಾಂಗ್ ಒಂದು, ವಾಂಗ್ ಎರಡು ಎಂದು ಅಂಕಿ ಕೊಟ್ಟೆವು. ಒಮ್ಮೆ ಕೆಲಸ ಕೊಟ್ಟವರ ಇಂಜಿನಿಯರು ಒಂದು ತಂಡದ ಶೀಟನ್ನು ಹಿಂದಕ್ಕೆ ಕಳಿಸಿದ. ಅಂಚಿನಲ್ಲಿ ಕೆಂಪು ಶಾಯಿಯ ಪ್ರಶ್ನೆ: ಇವರು ಮನುಷ್ಯರೋ ಪಂಪುಗಳೋ? ಮುಂದಿನ ಶನಿವಾರ ನಾನು ಪಟ್ಟಿಯ ಮೇಲೆ ಬೆರಳಾಡಿಸುತ್ತ ಹೋದೆ. ಅಂಕಿ ಬೇಡದ ಹೆಸರು ಆ ತಂಡದಲ್ಲಿ ಒಂದೇ ಇತ್ತು. ನಲವತ್ತು ಮಂದಿಯಲ್ಲೂ ಆ ಹೆಸರಿನವನು ಒಬ್ಬನೇ. ತಲೆಬರಹದಲ್ಲಿ “ಕುವಾನ್ ಮತ್ತು ಇತರ ಏಳು ಮಂದಿ” ಎಂದು ಹಾಕಿದೆ. ಆಮೇಲೆ ಯಾವ ಶೀಟೂ ಹಿಂದಕ್ಕೆ ಬರಲಿಲ್ಲ.

ಅಲ್ಲಿಂದ ಆ ಹೆಸರು ಎಲ್ಲ ಕಡೆಗೂ ನಡೆದುಕೊಂಡು ಹೋಯಿತು. ಕುವಾನ್ ತಂಡಕ್ಕೆ ಹತ್ತು ಜೊತೆ ಕೈಗವಸು ಕೊಡತಕ್ಕದ್ದು. ಕುವಾನ್ ತಂಡ ಎರಡನೇ ಸಾಲು ಮುಗಿಸಿದೆ. ಕುವಾನ್ ಅವರ ಬೇಡಿಕೆಯ ಮೇರೆಗೆ ನೀರಿನ ಡ್ರಮ್ಮು ಕಳಿಸಲಾಗಿದೆ. ಆ ಮನುಷ್ಯ ನೀರು ಕೇಳಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಅವನನ್ನು ನಾನು ನೋಡಿಯೇ ಇರಲಿಲ್ಲ. ಅವನ ಹೆಸರಿನ ಸರಿಯಾದ ಉಚ್ಚಾರ ‘ತ್ಸ್ವಾನ್’ಗೆ ಹತ್ತಿರ ಎಂಬುದು ಕೂಡ ಆಮೇಲೆ ತಿಳಿದದ್ದು. ಇಲ್ಲಿ ನಾವು ಅಂದಂತೆಯೇ ಬರೆಯುತ್ತಿದ್ದೇನೆ. ಈಗ ತಿದ್ದಿದರೆ ಆಗಲೇ ಗೊತ್ತಿತ್ತು ಎಂಬಂತೆ ಆಗುತ್ತದೆ.

ಸತ್ತವನು ಲೀ ಎರಡು. ‘ಇತರ ಏಳು ಮಂದಿ’ಯಲ್ಲಿ ಒಬ್ಬ, ಬೆಸುಗೆಯವರ ಸಹಾಯಕ. ಸ್ಟೇನ್‌ಲೆಸ್ ಪೈಪಿಗೆ ಬೆಸುಗೆ ಹಾಕುವಾಗ ಒಳಗಿನ ಮೈ ಸುಟ್ಟು ಕಪ್ಪಾಗಬಾರದೆಂದು ಪೈಪಿನೊಳಗೆ ಆರ್ಗಾನ್ ಅನಿಲ ತುಂಬುತ್ತಾರೆ. ಎರಡೂ ಬದಿಗೆ ತಡೆ ಕಟ್ಟಿ, ಗಾಳಿಯನ್ನು ಹೊರಹಾಕಿ, ಅನಿಲ ತುಂಬಿ, ಹೊರಗಿನಿಂದ ಬೆಸುಗೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಗಾಳಿಗಿಂತ ಭಾರ, ಪೈಪಿನ ತಳದಲ್ಲಿ ಮಲಗಿರುತ್ತದೆ. ಬೆಸುಗೆ ಮುಗಿದ ಮೇಲೆ ತಡೆ ಬಿಚ್ಚಲು ಲೀ ಎರಡು ಒಳಗೆ ತೆವಳಿ ಹೋದ. ಎರಡು ಉಸಿರು ಸಾಕಂತೆ. ಒದ್ದಾಟವೂ ಇಲ್ಲವಂತೆ. ಆಚೆ ತುದಿಯಲ್ಲಿ ಕಾಯುತ್ತಿದ್ದವನು ಅವನು ಬಿಡುವು ತೆಗೆದುಕೊಳ್ಳುತ್ತಿದ್ದಾನೆ ಎಂದುಕೊಂಡನಂತೆ. ‘ಅಂತೆ’ಗಳನ್ನು ಬಿಟ್ಟು ಇದನ್ನು ಹೇಳುವ ಹಕ್ಕು ನನಗಿಲ್ಲ. ಆ ಹೊತ್ತಿಗೆ ನಾನು ಏರ್‌ಕಂಡೀಶನರಿನ ಕೆಳಗೆ ಕುಳಿತು ಯಾರದೋ ರಜೆ ಅರ್ಜಿ ಟೈಪು ಮಾಡುತ್ತಿದ್ದೆ.

ಮಧ್ಯಾಹ್ನವೇ ಪೊಲೀಸರು ಸೈಟಿಗೆ ಹೋದರು. ತಂಡದ ಮುಖ್ಯಸ್ಥ ಯಾರು ಎಂದು ಕೇಳಿದರು. ಸೇಫ್ಟಿ ಆಫೀಸರು ಶೀಟಿನ ನಕಲು ತೋರಿಸಿದ. ಅದರಲ್ಲಿದ್ದದ್ದು ಒಂದೇ ಹೆಸರು. ಕುವಾನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು.

ಸಂಜೆ ಸೇಫ್ಟಿ ಆಫೀಸರು ದೋಹಾಕ್ಕೆ ಬಂದು ನನ್ನ ಪಕ್ಕದಲ್ಲಿ ನಿಂತು ವರದಿ ಹೇಳಿ ಬರೆಸಿದ. ತಂಡದ ಮುಖ್ಯಸ್ಥ ಕುವಾನ್ ಅಂದು ಬೆಳಿಗ್ಗೆ ಅಪಾಯಗಳನ್ನು ವಿವರಿಸಿದ್ದರೂ ಸಹಾಯಕ ಒಳಹೋಗುವುದನ್ನು ತಡೆಯಲು ವಿಫಲನಾದ. ನಾನು ಟೈಪು ಮಾಡಿದೆ. ಕೈ ನಡುಗಿತು ಎಂದು ಬರೆಯಬೇಕೆನ್ನಿಸುತ್ತದೆ. ನಡುಗಿರಲಿಕ್ಕಿಲ್ಲ. ಆ ವರದಿಯ ನಕಲು ನೋಡಿದ್ದೇನೆ, ಒಂದು ಅಕ್ಷರವೂ ತಪ್ಪಿಲ್ಲ.

ಮರುದಿನ ಬುಧವಾರ ಚೀನೀಯರ ದುಭಾಷಿ ಆಫೀಸಿಗೆ ಬಂದ. ಐವತ್ತರ ಹತ್ತಿರದವನು, ಊರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವನು. ಸತ್ತವನ ಪಾಸ್‌ಪೋರ್ಟಿನ ನಕಲು ಬೇಕಿತ್ತು ಅವನಿಗೆ. ನಾನು ಅದನ್ನು ಹುಡುಕುವಾಗ ಅವನು ಟೇಬಲಿನ ಮೇಲಿದ್ದ ವರದಿ ಓದಿದ. ಎರಡು ಸಲ ಓದಿದ. ಆಮೇಲೆ ಕನ್ನಡಕ ತೆಗೆದು ನನ್ನನ್ನು ಕೇಳಿದ:

“ಮಿಸ್ಟರ್ ಟೈಪಿಸ್ಟ್, ಇವನು ಮುಖ್ಯಸ್ಥ ಎಂದು ನಿಮಗೆ ಹೇಳಿದವರು ಯಾರು?”

“ಶೀಟಿನಲ್ಲಿ ಇದೆಯಲ್ಲ.”

“ಶೀಟು ಬರೆದವರು ಯಾರು?”

ನಾನು ವರದಿಯನ್ನು ಮಗುಚಿ ಇಟ್ಟೆ.

“ಅವನು ಬರೀ ವೆಲ್ಡರ್. ಆ ತಂಡಕ್ಕೆ ಮುಖ್ಯಸ್ಥನೇ ಇಲ್ಲ, ಬೆಳಿಗ್ಗೆ ನಿಮ್ಮ ಫೋರ್‌ಮನ್ ಕೈ ತೋರಿಸಿದ ಪೈಪಿಗೆ ಹೋಗುತ್ತಾರೆ. ಅಪಾಯ ವಿವರಿಸುವುದೆಂದರೇನೆಂದು ಅವನಿಗೆ ಗೊತ್ತಿಲ್ಲ. ಅವನಿಗೇ ಯಾರೂ ವಿವರಿಸಿಲ್ಲ.”

“ಮತ್ತೆ ಸಹಿ?”

“ಹಾಜರಿ ಎಂದುಕೊಂಡಿದ್ದ. ವಾರಕ್ಕೆ ಆರು ದಿನ, ಆರು ಹಾಳೆ. ಅವನಿಗೆ ಖುಷಿಯಾಗಿತ್ತು, ಗೊತ್ತಾ? ನಮ್ಮ ದೇಶದಲ್ಲೇ ಆ ಹೆಸರು ಕೇಳಿದವರು ಕಮ್ಮಿ. ಎಲ್ಲಿ ಹೋದರೂ ‘ಇದು ಎಂಥ ಹೆಸರು, ಬರೆಯುವುದು ಹೇಗೆ’ ಎಂದು ಕೇಳುತ್ತಾರೆ. ನಾನೂ ಕೇಳಿದ್ದೆ. ಇಲ್ಲಿ ಆಫೀಸಿನವರು ಎಲ್ಲ ಕಾಗದದಲ್ಲೂ ತನ್ನ ಹೆಸರನ್ನೇ ಮೊದಲು ಬರೆಯುತ್ತಾರೆ, ಇಲ್ಲಿಯವರು ಒಳ್ಳೆಯವರು ಎಂದು ಹೆಂಡತಿಗೆ ಪತ್ರ ಹಾಕಿದ್ದ.”

ಕಾಲ ಕೆಳಗೆ ನೆಲ ಸರಿಯಿತು ಎಂದೇನಾದರೂ ಬರೆದರೆ ಅದು ಸುಳ್ಳು. ನನಗಾದದ್ದು ಬೇರೆ. ಎದುರಿನ ಪರದೆಯ ಮೇಲೆ ಹಸಿರು ಅಕ್ಷರಗಳಿದ್ದವು. ಓದಲಾಗಲಿಲ್ಲ. ಇಂಗ್ಲಿಷೇ ಮರೆತಂತೆ, ಗೆರೆಗಳು ಮಾತ್ರ ಕಾಣಿಸಿದವು. ಎಷ್ಟು ಹೊತ್ತೋ ತಿಳಿಯದು. ದುಭಾಷಿ ಯಾವಾಗ ಎದ್ದು ಹೋದ ಎಂಬುದೂ ತಿಳಿಯದು.

ನಮ್ಮ ಹೆಡ್‌ಕ್ಲರ್ಕು ಮಂಗಳೂರಿನ ಕೆಥೋಲಿಕರು, ಇಪ್ಪತ್ತು ವರ್ಷದಿಂದ ದೋಹಾದಲ್ಲಿ ಸಂಸಾರ ಹೂಡಿದವರು. ನಾನು ಅವರನ್ನು ನಮ್ಮ ಊರಿನ ರೂಢಿಯಂತೆ ಪೊರ್ಬುಗಳೇ ಎನ್ನುತ್ತಿದ್ದೆ, ಅವರಿಗೆ ನಾನು ಬ್ಯಾರಿ. ಅವರ ಮನೆಯಲ್ಲಿ ಕೊಂಕಣಿ, ನಮ್ಮ ಮನೆಯಲ್ಲಿ ಬ್ಯಾರಿ ಭಾಷೆ, ಆಫೀಸಿನಲ್ಲಿ ನಮ್ಮಿಬ್ಬರಿಗೂ ತುಳು. ಅವರ ಮಾತನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ, ಬೈಗುಳಗಳು ದಾರಿಯಲ್ಲಿ ಸ್ವಲ್ಪ ಉದುರಿವೆ. ಎಲ್ಲರ ಪಾಸ್‌ಪೋರ್ಟುಗಳಿದ್ದ ಕಬ್ಬಿಣದ ಕಪಾಟಿನ ಬೀಗದ ಕೈ ಅವರ ಸೊಂಟದಲ್ಲಿರುತ್ತಿತ್ತು.

ಆ ಬುಧವಾರ ಮಧ್ಯಾಹ್ನ ಅವರು ಫೈಲು ತಿರುವಿದರು.

“ಎಂತ ಬ್ಯಾರಿ ಇದು? ಇವತ್ತಿನದ್ದೂ ನಾಳೆದ್ದೂ ಸಹಿಯಾಗಿ ಕೂತಿದೆಯಲ್ಲ? ಸತ್ತವನೂ ಲೆಕ್ಕದಲ್ಲಿ ಉಂಟು.”

“ಯಾವಾಗಲೂ ಹಾಗೇ ಅಲ್ವಾ ಪೊರ್ಬುಗಳೇ?”

“ಯಾವಾಗಲೂ ಜನ ಸಾಯ್ತಾರಾ? ಈ ಎರಡು ತೆಗಿ. ಹರಿದು ಹಾಕು. ಖಲಾಸ್.”

ತೆಗೆದೆ. ಹರಿಯಲಿಲ್ಲ. ಹರಿದೆನೆಂದು ಬಾಯಿಬಿಟ್ಟು ಸುಳ್ಳು ಹೇಳಿದೆನೋ, ತಲೆ ಮಾತ್ರ ಅಲ್ಲಾಡಿಸಿದೆನೋ, ಈಗ ಎರಡೂ ನಿಜವೆನ್ನಿಸುತ್ತದೆ. ಎರಡು ಹಾಳೆಗಳು ನನ್ನ ಚೀಲದಲ್ಲಿ ಬಿನ್ ಮಹಮೂದ್ ಬಡಾವಣೆಯ ನನ್ನ ಕೋಣೆಗೆ ಬಂದವು. ಐದು ಜನ ಇದ್ದ ಕೋಣೆ, ಒಬ್ಬೊಬ್ಬರಿಗೂ ಒಂದು ಮಂಚ, ಒಂದು ಸೂಟ್‌ಕೇಸು. ಸೂಟ್‌ಕೇಸಿನ ತಳದಲ್ಲಿ ಇಟ್ಟೆ. ಶುಕ್ರವಾರ ಜುಮ್ಮಾ ನಮಾಜಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತವರ ಸಾಲಿನಲ್ಲೂ ನನಗೆ ಅದೇ ಯೋಚನೆ. ಈ ಸಾಲಿನಲ್ಲಿ ಅಂಕಿ ಬೇಡದ ಹೆಸರು ಯಾರದಿರಬಹುದು?

ಶನಿವಾರ ಬಂತು. ಪೊರ್ಬುಗಳು ಪಟ್ಟಿ ತಂದು ನನ್ನ ಮುಂದಿಟ್ಟರು.

“ವಾರದ ಶೀಟು ತೆಗಿ. ಆ ಗ್ಯಾಂಗಿಗೆ ಹೆಡ್ಡಿಂಗಿಗೆ ಬೇರೆ ಯಾವುದಾದರೂ ಹೆಸರು ನೋಡು, ಮಾರಾಯ.”

ನಾನು ನೋಡಿದೆ. ಇದನ್ನು ಬರೆಯುವುದೇ ಕಷ್ಟ. ನನ್ನ ಬೆರಳು ಪಟ್ಟಿಯ ಮೇಲಿನಿಂದ ಇಳಿಯಿತು. ಖಾಲಿಯಾದ ಎರಡು ಜಾಗಕ್ಕೆ ಬೇರೆ ತಂಡದಿಂದ ಇಬ್ಬರು ಬಂದಿದ್ದರು. ಅವರಲ್ಲಿ ಒಬ್ಬನ ಹೆಸರಿಗೆ ಅಂಕಿ ಇರಲಿಲ್ಲ. ಬೆರಳು ಅದರ ಮೇಲೆ ನಿಂತಿತು. ಮನಸ್ಸಿಗೆ ಒಂದು ಸಣ್ಣ ಸಮಾಧಾನವಾಯಿತು, ಸಿಕ್ಕಿತು ಎಂದು. ಆ ಸಮಾಧಾನವನ್ನು ಕಂಡು ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಒಬ್ಬ ಸತ್ತು, ಒಬ್ಬ ಲಾಕಪ್ಪಿನಲ್ಲಿದ್ದ ವಾರದಲ್ಲಿ ನನ್ನ ಬೆರಳು ಮೂರನೆಯವನನ್ನು ಹುಡುಕಿ ಕೊಟ್ಟಿತ್ತು.

ಪೊರ್ಬುಗಳ ಟೇಬಲಿಗೆ ಹೋಗಿ ಹೇಳಿದೆ. ಹಾಳೆ ಹರಿದಿಲ್ಲ, ಕುವಾನ್ ಮುಖ್ಯಸ್ಥನಲ್ಲ, ಅವನನ್ನು ಕಾಗದದಲ್ಲಿ ಮುಖ್ಯಸ್ಥ ಮಾಡಿದವನು ನಾನು, ಸ್ಟೇಶನಿಗೆ ಹೋಗಿ ಹೇಳುತ್ತೇನೆ.

“ನಿನ್ನ ಮಂಡೆ ಸಮ ಉಂಟಾ?” ಅವರು ಧ್ವನಿ ಏರಿಸಲಿಲ್ಲ, ಅದೇ ಹೆಚ್ಚು ಹೆದರಿಸಿತು. “ನಿನ್ನ ಎರಡು ಹಾಳೆ ಅಲ್ಲಿಗೆ ಹೋದರೆ ಹಿಂದಿನ ಎಲ್ಲ ಹಾಳೆ ಕೇಳ್ತಾರೆ. ಅದರಲ್ಲಿ ನನ್ನ ಇನಿಶಿಯಲ್ ಉಂಟು.”

“ಆ ಮನುಷ್ಯ ಒಳಗೆ ಕೂತಿದ್ದಾನೆ ಪೊರ್ಬುಗಳೇ.”

“ಜನವರಿಗೆ ನನ್ನ ಮಗಳ ಮದುವೆ. ಊರಲ್ಲಿ ಚರ್ಚು, ಮದುವೆ ಹಾಲ್, ಬೇಂಡು ಎಲ್ಲ ಹೇಳಿಯಾಗಿದೆ. ನಾನೇ ಇಲ್ಲಿ ಸಿಕ್ಕಿಹಾಕಿಕೊಂಡರೆ ಅವಳ ಕೈ ಹಿಡಿದು ಒಳಗೆ ಕರಕೊಂಡು ಹೋಗುವವರು ಯಾರು, ನೀನಾ?”

ನಾನು ಪಟ್ಟಿಯನ್ನು ಅವರ ಟೇಬಲಿನ ಮೇಲೆ ವಾಪಸು ಇಟ್ಟೆ.

“ಹೋಗುವುದಾದರೆ ಹೋಗು. ನಾನು ನಿನ್ನನ್ನು ನೋಡಲಿಲ್ಲ. ನಿನ್ನ ವೀಸಾ ಕ್ಯಾನ್ಸಲ್ ಆದರೆ ಅಳುತ್ತಾ ನನ್ನ ಹತ್ತಿರ ಬರಬೇಡ.”

ದುಭಾಷಿಗೆ ಫೋನು ಮಾಡಿದೆ. ಕೋಣೆಯಿಂದ ಹಾಳೆಗಳನ್ನು ಎತ್ತಿಕೊಂಡು ಇಬ್ಬರೂ ಟ್ಯಾಕ್ಸಿಯಲ್ಲಿ ಸ್ಟೇಶನಿಗೆ ಹೋದೆವು. ಆ ದಿನ ಧೂಳುಗಾಳಿ ಇತ್ತು ಎಂದು ಬಹಳ ಕಾಲ ಹೇಳಿಕೊಂಡು ಬಂದಿದ್ದೇನೆ. ದುಭಾಷಿ ಮಾತ್ರ ಆಕಾಶ ತಿಳಿಯಾಗಿತ್ತು ಎನ್ನುತ್ತಿದ್ದ. ಧೂಳನ್ನು ನಾನು ಆಮೇಲೆ ತುಂಬಿಸಿಕೊಂಡಿರಬೇಕು.

ತನಿಖೆಯ ಅಧಿಕಾರಿ ನಡುವಯಸ್ಸಿನವನು, ನಿಧಾನ ಮಾತಿನವನು, ಇಂಗ್ಲಿಷು ಬಲ್ಲವನು. ಮೊದಲು ಚಹಾ ತರಿಸಿದ. ನಾನು ಎರಡು ಹಾಳೆಗಳನ್ನು ಅವನ ಮುಂದಿಟ್ಟೆ. ಬುಧವಾರದ್ದನ್ನು ಓದಿದ. ತಾರೀಖಿನ ಮೇಲೆ ಪೆನ್ನಿನ ತುದಿ ಇಟ್ಟ. ಮತ್ತೆ ಓದಿದ.

“ಬುಧವಾರ ಬೆಳಿಗ್ಗೆ ಆರು ಗಂಟೆಗೆ ಇವನು ಸೈಟಿನಲ್ಲಿ ಅಪಾಯಗಳನ್ನು ವಿವರಿಸಿದ್ದಾನೆ,” ಎಂದ.

“ಹೌದು ಸರ್. ಹಾಗೆ ಬರೆದಿದೆ.”

“ಆ ಹೊತ್ತಿಗೆ ಇವನು ಈ ಗೋಡೆಯ ಆಚೆ ಇದ್ದ. ಬೀಗ ನಾನೇ ಹಾಕಿಸಿದ್ದು.” ಗುರುವಾರದ ಹಾಳೆ ತಿರುವಿದ. “ಗುರುವಾರವೂ ವಿವರಿಸಿದ್ದಾನೆ. ಸತ್ತವನೂ ಸೇರಿ ಏಳು ಮಂದಿ ಕೇಳಿಸಿಕೊಂಡಿದ್ದಾರೆ.” ಅವನು ತಲೆ ಎತ್ತಿದ. “ಇದನ್ನು ಯಾವಾಗ ಟೈಪು ಮಾಡಿದೆ?”

“ಅದರ ಹಿಂದಿನ ಶನಿವಾರ.”

“ಯಾಕೆ?”

ಎಷ್ಟೋ ಉತ್ತರಗಳನ್ನು ಟ್ಯಾಕ್ಸಿಯಲ್ಲಿ ಸಿದ್ಧ ಮಾಡಿದ್ದೆ. ಬಾಯಿಂದ ಬಂದದ್ದು, “ಯಾವಾಗಲೂ ಹಾಗೇ ಮಾಡುತ್ತಿದ್ದೆವು.” ಪಕ್ಕದಲ್ಲಿದ್ದ ಗುಮಾಸ್ತ ಅದನ್ನು ಅರಬ್ಬಿಯಲ್ಲಿ ಬರೆದುಕೊಂಡ. ಬಲದಿಂದ ಎಡಕ್ಕೆ ಹೋಗುವ ಆ ಸಾಲಿನಲ್ಲಿ ನಾನೆಲ್ಲಿದ್ದೇನೆ ಎಂದು ಹುಡುಕಿದೆ, ಸಿಗಲಿಲ್ಲ.

“ತಂಡದ ಹೆಸರಿಗೆ ಇವನನ್ನೇ ಆರಿಸಿದ್ದು ಯಾರು?”

“ನಾನು.”

“ಇವನೇ ಯಾಕೆ?”

“ಆ ಹೆಸರಿನವನು ಒಬ್ಬನೇ ಇದ್ದ ಸರ್. ಅಂಕಿ ಬೇಕಾಗುತ್ತಿರಲಿಲ್ಲ.”

ಅವನು ಪೆನ್ನು ಕೆಳಗಿಟ್ಟ. ಗುಮಾಸ್ತನೂ ಬರೆಯುವುದನ್ನು ನಿಲ್ಲಿಸಿದ್ದ, ತಪ್ಪು ಕೇಳಿಸಿಕೊಂಡೆನೋ ಎಂಬಂತೆ.

ಆಮೇಲೆ ಕುವಾನನ್ನು ಕರೆಸಿದರು. ನಾನು ಮೊದಲ ಸಲ ಅವನನ್ನು ಕಂಡೆ. ಅಷ್ಟು ವಾಕ್ಯಗಳ ಮನುಷ್ಯ ಎತ್ತರದವನಿರಬೇಕು ಎಂದುಕೊಂಡಿದ್ದೆನೆಂದು ಆಗ ನನಗೆ ಗೊತ್ತಾಯಿತು. ಕುಳ್ಳ, ಕಿವಿಯ ಮೇಲೆ ಕೂದಲು ನರೆತಿತ್ತು, ಮುಂಗೈಯಲ್ಲೆಲ್ಲ ಕಿಡಿ ಸಿಡಿದ ಚುಕ್ಕೆಗಳು. ದುಭಾಷಿ ಅವನಿಗೆ ಬಹಳ ಹೊತ್ತು ಏನೋ ಹೇಳಿದ. ನನ್ನ ಕಡೆ ಬೊಟ್ಟು ಮಾಡಿಯೂ ಹೇಳಿದ. ಕುವಾನ್ ನನ್ನನ್ನು ನೋಡಿದ. ಬೈದಿದ್ದರೆ ಒಳ್ಳೆಯದಿತ್ತು. ಅವನು ದುಭಾಷಿಯ ಹತ್ತಿರ ಒಂದೇ ಮಾತು ಕೇಳಿದ.

“ಏನು ಹೇಳಿದ?”

“ನಿಮ್ಮ ಹಾಳೆಯಲ್ಲಿ ಲೀ ಬಗ್ಗೆ ಏನಿದೆ ಎಂದು ಕೇಳುತ್ತಿದ್ದಾನೆ. ಅವನಿಗೆ ತಿಳಿಸಲಾಗಿತ್ತು ಎಂದಿದೆ ಅಂದೆ. ಹಾಗಿದ್ದರೆ ಅದನ್ನು ಅಳಿಸಲಿ, ಅವನಿಗೆ ಯಾರೂ ತಿಳಿಸಿರಲಿಲ್ಲ ಎನ್ನುತ್ತಾನೆ. ತನ್ನ ವಿಷಯ ಆಮೇಲೆ ನೋಡೋಣವಂತೆ.”

ಸಾಕ್ಷ್ಯದ ಕಾಗದ ಅಳಿಸಲಾಗುವುದಿಲ್ಲ ಎಂದ ಅಧಿಕಾರಿ. ಬೇಕಾದರೆ ಹೊಸ ಹೇಳಿಕೆ ಕೊಡಬಹುದು. ಕುವಾನ್ ಹೇಳಿದ, ದುಭಾಷಿ ಇಂಗ್ಲಿಷಿಗೆ ತಂದ, ಸ್ಟೇಶನಿನ ಹಳೇ ಟೈಪ್‌ರೈಟರಿನಲ್ಲಿ ನಾನು ಬಡಿದೆ. “ನಾನು, ಕುವಾನ್, ವೆಲ್ಡರ್. ನಾನು ಯಾರಿಗೂ ಏನನ್ನೂ ವಿವರಿಸಿಲ್ಲ. ನನಗೆ ಯಾರೂ ವಿವರಿಸಿಲ್ಲ. ಲೀ ಒಳಗೆ ಹೋದಾಗ ನಾನು ಪಕ್ಕದ ಪೈಪಿನಲ್ಲಿ ಬೆಸುಗೆ ಹಾಕುತ್ತಿದ್ದೆ. ಅವನ ಕಾಲು ಹಿಡಿದು ಎಳೆದವನು ನಾನು.” ಪ್ರತಿ ಸಾಲನ್ನೂ ದುಭಾಷಿ ಅವನಿಗೆ ಓದಿ ಹೇಳಿದ. ಒಂದು ಕಡೆ ನಾನು ‘ಕಾಲುಗಳು’ ಎಂದು ಹಾಕಿದ್ದೆ. ಎಳೆದದ್ದು ಒಂದೇ ಕಾಲು, ಇನ್ನೊಂದು ಮಡಿಸಿ ಕೆಳಗಿತ್ತು ಎಂದು ತಿದ್ದಿಸಿದ.

ಅಧಿಕಾರಿ ಎಲ್ಲವನ್ನೂ ಸೇರಿಸಿ ಪಿನ್ನು ಹಾಕಿದ. ಕೇಸು ಮೇಲಿನವರಿಗೆ ಹೋಗಬೇಕು, ಕಂಪೆನಿಯ ದೊಡ್ಡವರನ್ನೂ ಕರೆಸುತ್ತೇನೆ, ಅಲ್ಲಿಯವರೆಗೆ ಇವನನ್ನು ಹೊರಗೆ ಬಿಡಬಹುದು ಎಂದ. ಆದರೆ ಕಂಪೆನಿಯವರು ಯಾರಾದರೂ ತಮ್ಮ ಪಾಸ್‌ಪೋರ್ಟು ಇಲ್ಲಿಟ್ಟು ಹೊಣೆ ನಿಲ್ಲಬೇಕು. ಕೇಸು ಮುಗಿಯುವ ತನಕ ಅವರೂ ದೇಶ ಬಿಡುವಂತಿಲ್ಲ.

“ನಾನು ನಿಲ್ಲುತ್ತೇನೆ,” ಎಂದೆ.

“ನೀನು ಈ ಕೇಸಿನಲ್ಲಿ ಇದ್ದೀಯ. ಬೇರೆಯವರು ಬೇಕು.”

ಅಲ್ಲಿಂದಲೇ ಆಫೀಸಿಗೆ ಫೋನು ಮಾಡಿದೆ. ಬೇರೆ ಯಾರಿಗೆ ಮಾಡಲಿ? ಪೊರ್ಬುಗಳು ಪೂರ್ತಿ ಕೇಳಿಸಿಕೊಂಡರು.

“ಕಪಾಟಿನಲ್ಲಿ ಇನ್ನೂರು ಪಾಸ್‌ಪೋರ್ಟು ಉಂಟು. ಯಾರದ್ದನ್ನು ತರಲಿ, ಹೇಳು? ಅಂಕಿ ಇಲ್ಲದ ಹೆಸರು ನೋಡಿ ತರಬೇಕಾ?” ಎಂದು ಫೋನು ಕುಕ್ಕಿದರು.

ನಾವು ಬೆಂಚಿನ ಮೇಲೆ ಕುಳಿತೆವು. ಇಳಿಹೊತ್ತಿನ ಅಸರ್ ನಮಾಜಿನ ಬಾಂಗು ಆಯಿತು. ಕುವಾನನ್ನು ಮತ್ತೆ ಒಳಗೆ ಕರೆದುಕೊಂಡು ಹೋಗಲು ಪೊಲೀಸು ಎರಡು ಸಲ ಬಂದ, ಇನ್ನು ಸ್ವಲ್ಪ ಹೊತ್ತು ಎಂದು ದುಭಾಷಿ ಎರಡು ಸಲ ಬೇಡಿಕೊಂಡ. ಮೂರನೇ ಸಲ ಬಾಗಿಲಲ್ಲಿ ಪೊರ್ಬುಗಳು ನಿಂತಿದ್ದರು. ಟೈ ಕಟ್ಟಿದ್ದರು. ಮುಖ ಬೆವರಿತ್ತು.

“ಯಾರದ್ದು ತಂದಿರಿ?” ಎಂದೆ.

ಅವರು ನೆಟ್ಟಗೆ ಹೋಗಿ ದುಭಾಷಿಯ ಕೈ ಕುಲುಕಿ, “ಮಿಸ್ಟರ್ ಕುವಾನ್, ಐ ಆಮ್ ಸಾರಿ,” ಎಂದರು.

ದುಭಾಷಿ ಮೆತ್ತಗೆ ಕೈ ಬಿಡಿಸಿಕೊಂಡು ಪಕ್ಕದವನನ್ನು ತೋರಿಸಿದ. ಪೊರ್ಬುಗಳು ಆ ಕುಳ್ಳ ಮನುಷ್ಯನನ್ನು ನೋಡಿದರು. ಚಾಚಿದ ಕೈ ಹಾಗೇ ಗಾಳಿಯಲ್ಲಿತ್ತು. ತಿಂಗಳುಗಟ್ಟಲೆ ಅವನ ಹೆಸರಿನ ಕೆಳಗೆ ಇನಿಶಿಯಲ್ ಹಾಕಿದವರು, ಅವನ ಪಾಸ್‌ಪೋರ್ಟನ್ನು ಕಪಾಟಿನಲ್ಲಿ ಕಾದವರು. ಕುವಾನ್ ಎದ್ದು ನಿಂತು ಆ ಕೈ ಹಿಡಿದ.

ಪೊರ್ಬುಗಳು ಕೋಟಿನ ಒಳಜೇಬಿನಿಂದ ಪಾಸ್‌ಪೋರ್ಟು ತೆಗೆದು ಅಧಿಕಾರಿಯ ಮೇಜಿನ ಮೇಲಿಟ್ಟರು. ಮೂಲೆ ಸವೆದ, ನೀಲಿ ಬಣ್ಣ ಮಾಸಿದ, ಅವರದೇ ಪಾಸ್‌ಪೋರ್ಟು.

“ಪೊರ್ಬುಗಳೇ, ಜನವರಿ...”

“ನೀನು ಬಾಯಿ ಮುಚ್ಚಿ ಕಾಗದ ಹಾಕು ಬ್ಯಾರಿ. ನನಗೆ ತಿರುಗಿ ಯೋಚನೆ ಮಾಡಲಿಕ್ಕೆ ಬಿಡಬೇಡ.”

ಟೈಪ್‌ರೈಟರಿಗೆ ಹಾಳೆ ಏರಿಸಿದೆ. ಹೊಣೆಪತ್ರದ ನಮೂನೆಯನ್ನು ಗುಮಾಸ್ತ ಮುಂದಿಟ್ಟಿದ್ದ. ಈ ಕೆಳಗೆ ಸಹಿ ಮಾಡಿದ ನಾನು, ಕುವಾನ್ ಎಂಬವರ ಹೊಣೆ ಹೊತ್ತಿದ್ದೇನೆ. ಅವರು ಕರೆದಾಗ ಹಾಜರಾಗುತ್ತಾರೆ. ಮುಂದಿನ ಸಾಲಿನಲ್ಲಿ ಖಾಲಿ ಜಾಗವಿತ್ತು. ಇವರನ್ನು ನಾನು ಇಷ್ಟು ಕಾಲದಿಂದ ಬಲ್ಲೆ ಎಂದು ತುಂಬಿಸಬೇಕಾದ ಜಾಗ.

“ಎಷ್ಟು ಕಾಲದಿಂದ ಪರಿಚಯ?” ಅಧಿಕಾರಿ ಕೇಳಿದ.

ಇಂಥ ಸಾಲುಗಳನ್ನು ಪೊರ್ಬುಗಳು ಇಪ್ಪತ್ತು ವರ್ಷ ಕಣ್ಣು ಮುಚ್ಚಿ ತುಂಬಿದವರು. ಎರಡು ವರ್ಷ ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ನನ್ನ ಬೆರಳು ಆಗಲೇ ಟೈಪ್‌ರೈಟರಿನ ಎರಡರ ಕೀಲಿಯ ಮೇಲಿತ್ತು. ಅವರು ಕುವಾನನ್ನು ನೋಡಿದರು, ಅವನ ಮುಂಗೈಯ ಸುಟ್ಟ ಚುಕ್ಕೆಗಳನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು:

“ಇವತ್ತಿನಿಂದ ಅಂತ ಹಾಕು.”